ವಂಶಾವಳಿಯೂ ಋಣವೂ

ತಾನು ಯಾರ ಮಗ, ಯಾರ ಮೊಮ್ಮಗ ಎಂಬುದನ್ನು ತಿಳಿದುಕೊಳ್ಳುವ ಹಂಬಲವು ಮನುಷ್ಯನಿಗೆ ಸಹಜವಾದುದು. ಮದುವೆಯ ಮಾತುಕತೆಯಲ್ಲಿ, ಹೊಲದ ಪಾಲಿನಲ್ಲಿ, ದೇವರ ಮುಂದಿನ ಸಂಕಲ್ಪದಲ್ಲಿ ಈ ಪ್ರಶ್ನೆ ತಾನಾಗಿಯೇ ಬರುವದು. ಆದರೆ ಯಾವ ವ್ಯವಹಾರದ ಅಗತ್ಯವೂ ಇಲ್ಲದೆ, ತಿಳಿಯಬೇಕೆಂಬ ಒಂದೇ ಆಸೆಯಿಂದ ತಮ್ಮ ಮನೆತನದ ಇತಿಹಾಸವನ್ನು ಹುಡುಕಲು ಹೊರಡುವವರೂ ಇದ್ದಾರೆ. ಅವರು ಇತಿಹಾಸದ ಪಂಡಿತರಲ್ಲ. ಶಾಲೆಯ ಮಾಸ್ತರರು, ಅಂಚೆಯ ನೌಕರರು, ಒಕ್ಕಲುತನದವರು. ಬಿಡುವಿನ ದಿನಗಳಲ್ಲಿ ತಲಾಠಿಯ ಕಚೇರಿಗೆ ಅಲೆದು, ಊರ ಕಟ್ಟೆಯ ಮೇಲೆ ಹಿರಿಯರೊಡನೆ ಕುಳಿತು, ಹೆಸರಿಗೆ ಹೆಸರು ಜೋಡಿಸುವರು. ಇವರ ಶ್ರಮ ಎಂಥದು, ಅದರ ಫಲವೇನು, ಆ ಫಲ ಕೈಗೆ ಬಂದಾಗ ಅವರ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಪ್ರಶ್ನೆಯನ್ನು ಬಿಡಿಸಿ ಹೇಳುವದಾದರೆ ಹೀಗೆ: ಹಿರಿಯರು ಮಾಡಿದ ಒಳ್ಳೆಯದಕ್ಕಾಗಿ ನಾವು ಹೆಮ್ಮೆಪಡಬಹುದೆ? ಅವರು ಮಾಡಿದ ಕೆಟ್ಟದ್ದಕ್ಕಾಗಿ ನಾವು ನಾಚಬೇಕೆ? ಎರಡೂ ಸಲ್ಲದೆಂದರೆ ಈ ಹುಡುಕಾಟವಾದರೂ ಏತಕ್ಕೆ?

ಉತ್ತರಕ್ಕೆ ಹೋಗುವ ಮುನ್ನ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಈ ಕೆಲಸಕ್ಕಿರುವ ತೊಡಕುಗಳನ್ನು ನೋಡುವದು ಒಳ್ಳೆಯದು. 1948ರ ವರೆಗೆ ಅಕ್ಕಲಕೋಟೆಯೂ ಜತ್ತವೂ ಸಂಸ್ಥಾನಗಳಾಗಿದ್ದವು. ಸೊಲ್ಲಾಪುರ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ಆಳಂದ, ಅಫಜಲಪುರಗಳು ನಿಜಾಮರ ರಾಜ್ಯದಲ್ಲಿದ್ದವು. ಎತ್ತಿನ ಬಂಡಿಯ ಒಂದೆರಡು ದಿನದ ಹಾದಿಯೊಳಗೆ ಬೇರೆಬೇರೆ ಆಡಳಿತ, ಬೇರೆಬೇರೆ ದಫ್ತರ. ಬೀಗತನಕ್ಕೆ ಮಾತ್ರ ಈ ಗೆರೆಗಳು ಅಡ್ಡಬರಲಿಲ್ಲ. ಹೀಗಾಗಿ ಒಂದೇ ಮನೆಯ ಅಜ್ಜನ ಹೊಲದ ಕಾಗದ ಮೋಡಿ ಲಿಪಿಯ ಮರಾಠಿಯಲ್ಲಿ, ಅಜ್ಜಿಯ ತವರಿನ ಕಾಗದ ಉರ್ದುವಿನಲ್ಲಿ, ಮಠಕ್ಕೆ ಕೊಟ್ಟ ಕಾಣಿಕೆಯ ಲೆಕ್ಕ ಕನ್ನಡದಲ್ಲಿ ಇರಬಹುದು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಈ ಕಾಗದಗಳು ಎರಡು ರಾಜ್ಯಗಳ ಕಚೇರಿಗಳಲ್ಲಿ ಹಂಚಿಹೋದವು. ಹುಡುಕುವವನು ಗಡಿಯ ಎರಡೂ ಕಡೆಗೆ ಅರ್ಜಿ ಹಿಡಿದು ತಿರುಗಬೇಕು.

ಮೋಡಿ ಲಿಪಿಯದೇ ಒಂದು ಕಷ್ಟ. 20ನೆಯ ಶತಮಾನದ ನಡುವಿನ ವರೆಗೂ ಈ ಭಾಗದ ಸರಕಾರಿ ಬರವಣಿಗೆ ಬಹುಮಟ್ಟಿಗೆ ಅದರಲ್ಲಿಯೇ ನಡೆಯಿತು. ಲೇಖನಿಯನ್ನು ಆದಷ್ಟು ಎತ್ತದೆ ವೇಗವಾಗಿ ಬರೆಯುವ ಲಿಪಿ ಅದು. ಇಕಾರ, ಉಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವನ್ನು ಅದು ಸಾಮಾನ್ಯವಾಗಿ ಪಾಲಿಸುವದಿಲ್ಲ. ಮರಾಠಿಯ ದೇವನಾಗರಿಯಲ್ಲಿ ಎಕಾರ, ಒಕಾರಗಳ ಹ್ರಸ್ವ ದೀರ್ಘಗಳಿಗೆ ಬೇರೆ ಗುರುತಿಲ್ಲ. ನಮ್ಮ ಹೊನ್ನವ್ವ ಆ ಲಿಪಿಯೊಳಗೆ ಹೋಗಿ ತಿರುಗಿ ಕನ್ನಡಕ್ಕೆ ಬರುವಾಗ ಹೋನ್ನವ್ವಾ ಆಗಿ ಬರುವಳು. ಒಬ್ಬಳೇ ಹೆಂಗಸು ಎರಡು ಕಾಗದಗಳಲ್ಲಿ ಇಬ್ಬರಾಗಿ ಕಾಣುವಳು.

ಕಾಲಗಣನೆಯದು ಇನ್ನೊಂದು ತೊಡಕು. ಹಳೆಯ ಕಾಗದದಲ್ಲಿ ಶಕವರ್ಷವಿದ್ದರೆ 78 ಕೂಡಿಸಿ ಇಸವಿಯನ್ನು ತಿಳಿಯಬಹುದು. ಬರಿ ಸಂವತ್ಸರದ ಹೆಸರಿದ್ದರೆ? ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುವವು. "ಧಾತು ಸಂವತ್ಸರದಲ್ಲಿ ಊರು ಬಿಟ್ಟೆವು" ಎಂದು ಮನೆಯ ಹಿರಿಯರು ಹೇಳಿದರೆ ಅದು 1816 ಆಗಿರಬಹುದು, 1876 ಆಗಿರಬಹುದು, 1936ಕ್ಕೂ ಸಲ್ಲಬಹುದು. ಆ ಮಾತಿನ ಜೊತೆಗೆ ಬರದ ನೆನಪೂ ಇದ್ದರೆ 1876ರ ಕಡೆಗೆ ಮನಸ್ಸು ವಾಲುವದು. ಏಕೆಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಸೊಲ್ಲಾಪುರವೂ ಆಗಿನ ಕಲಾದಗಿ ಜಿಲ್ಹೆಯೂ ಬಹಳ ನೊಂದವು. ಒಕ್ಕಲುಗಳು ಗುಂಪುಗುಂಪಾಗಿ ಗುಳೆ ಹೋದವು. ಅನಂತರ 1896ರಿಂದ ಪ್ಲೇಗು, 1918ರಲ್ಲಿ ಇನ್‌ಫ್ಲುಯೆಂಝಾ. ಹಲವು ಮನೆತನಗಳ ನೆನಪಿನ ಎಳೆ ಕಡಿದುಹೋದದ್ದು ಇಂಥ ವರ್ಷಗಳಲ್ಲಿಯೇ.

ಹೆಸರುಗಳೂ ಹುಡುಕುವವನನ್ನು ದಾರಿ ತಪ್ಪಿಸುವವು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವದು ನಮ್ಮ ರೂಢಿ. ಮಲ್ಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮಲ್ಲಪ್ಪ, ಅವನ ಮಗ ತಿರುಗಿ ಬಸಪ್ಪ. ಕಾಗದದಲ್ಲಿ "ಮಲ್ಲಪ್ಪ ಬಿನ್ ಬಸಪ್ಪ" ಎಂದು ಕಂಡಾಗ ಅವನು ಯಾವ ಮಲ್ಲಪ್ಪ? ಅಡ್ಡಹೆಸರನ್ನು ಹಿಡಿದು ಹೋಗೋಣವೆಂದರೆ ಅದೂ ಸುಲಭವಲ್ಲ. ಇಂಡಿಯಲ್ಲಿಯೇ ಇರುವವರನ್ನು ಆ ಊರಿನವರು "ಇಂಡಿಯವರು" ಎಂದು ಕರೆಯುವದಿಲ್ಲ. ಊರು ಬಿಟ್ಟು ಬೇರೆ ಕಡೆಗೆ ಹೋಗಿ ನೆಲೆಸಿದ ಮೇಲೆಯೇ ಬಿಟ್ಟ ಊರಿನ ಹೆಸರು ಮನೆತನಕ್ಕೆ ಅಂಟಿಕೊಳ್ಳುವದು. ಹಾಗೆ ಅಂಟಿಕೊಂಡ ಹೆಸರು ಒಂದು ಅಗಲಿಕೆಯ ಗುರುತು; ಅದಕ್ಕಿಂತ ಹಿಂದಿನ ಹೆಸರು ಬೇರೆಯೇ ಇದ್ದಿರಬಹುದು.

ಇವೆಲ್ಲ ಬುದ್ಧಿಗೂ ತಾಳ್ಮೆಗೂ ಸಂಬಂಧಿಸಿದ ತೊಡಕುಗಳು. ವರುಷಗಟ್ಟಲೆ ದುಡಿದರೆ ಬಹಳಮಟ್ಟಿಗೆ ಪರಿಹಾರವಾಗುವಂಥವು. ಇದಕ್ಕಿಂತ ಆಳವಾದ ತೊಡಕೊಂದಿದೆ. ಪೂರ್ವಜರ ಹೆಸರು ನಮಗೆ ದೊರೆಯುವದು ಯಾರೋ ಅದನ್ನು ಬರೆದಿಟ್ಟರೆಂದು. ಅವರು ಏಕೆ ಬರೆದಿಟ್ಟರು?

ಹೆಳವರನ್ನು ನಾವು ಬಲ್ಲೆವು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಸುಗ್ಗಿಯ ನಂತರ ಮನೆಯ ಮುಂದೆ ಬಂದು ವಂಶದ ಹಿರಿಯರನ್ನು ಹೆಸರು ಹೆಸರು ಹಿಡಿದು ಕೊಂಡಾಡುವ ಜನ ಅವರು. ಎಷ್ಟೋ ಒಕ್ಕಲು ಮನೆತನಗಳ ಹತ್ತಾರು ತಲೆಮಾರಿನ ಹೆಸರುಗಳು ಇಂದಿಗೂ ಉಳಿದಿರುವದು ಅವರ ಚೋಪಡಿಗಳಿಂದ, ಅವರ ಬಾಯಿಯಿಂದ. ಅವರ ಸೇವೆ ದೊಡ್ಡದು. ಆದರೆ ಹೆಳವನು ದಾನವನ್ನು ಬೇಡುವವನು. ದಾನಿಯ ಎದುರು ದಾನಿಯ ಅಜ್ಜನನ್ನು ಹೊಗಳುವದು ಅವನ ವೃತ್ತಿಧರ್ಮ. ಅಜ್ಜ ಜಿಪುಣನಾಗಿದ್ದನೆಂದು ಅವನು ಹಾಡಲಾರನು. ದವಸ ಕೊಡಲು ಶಕ್ತಿಯಿಲ್ಲದ ಮನೆಯ ಮುಂದೆ ಅವನ ಎತ್ತು ನಿಲ್ಲುವದೂ ಕಷ್ಟ.

ಸರಕಾರದ ದಫ್ತರಗಳಲ್ಲಿರುವ ವಂಶಾವಳಿಗಳನ್ನು ನೋಡೋಣ. ಇನಾಮು ಭೂಮಿಗಳ ಹಕ್ಕನ್ನು ಪರೀಕ್ಷಿಸುವದಕ್ಕಾಗಿ 1852ರ ಕಾಯದೆಯ ಮೇರೆಗೆ ಮುಂಬಯಿ ಪ್ರಾಂತದಲ್ಲಿ ಇನಾಮು ಕಮಿಶನ್ನು ವಿಚಾರಣೆ ನಡೆಸಿತು. ಸನದು ತೋರಿಸಿ, ಸನದು ಪಡೆದವನಿಂದ ತಮ್ಮ ವರೆಗಿನ ಪೀಳಿಗೆಯನ್ನು ಸಿದ್ಧಪಡಿಸಿದವರಿಗೆ ಭೂಮಿ ಉಳಿಯುವ ಆಸೆ ಇತ್ತು. 1874ರ ವತನ ಕಾಯದೆಯ ಕಾಲಕ್ಕೂ ಪಾಟೀಲ, ಕುಲಕರ್ಣಿ, ದೇಸಾಯಿ ಮನೆತನಗಳು ಸರದಿಯ ಹಕ್ಕಿಗಾಗಿ ವಂಶವೃಕ್ಷಗಳನ್ನು ಸಲ್ಲಿಸಿದವು. ಈ ಕಾಗದಗಳು ಬಹಳ ಉಪಯುಕ್ತವಾದವು. ಆದರೆ ಅವು ಭೂಮಿಯನ್ನು ಉಳಿಸಿಕೊಳ್ಳುವದಕ್ಕಾಗಿ ಹುಟ್ಟಿದ ಮರಗಳು. ಪಾಲಿಗೆ ಅರ್ಹನಾದವನು ಅಲ್ಲಿ ಕೊಂಬೆಯಾಗಿ ನಿಂತನು, ಪಾಲಿಲ್ಲದವನು ಕಾಣಲಿಲ್ಲ. ಆ ಹೊಲವನ್ನು ಮೂರು ತಲೆಮಾರು ಉತ್ತ ಜೀತದಾಳಿನ ಹೆಸರು ಆ ಕಾಗದದಲ್ಲಿ ಇಲ್ಲ. ಅವನ ಮೊಮ್ಮಗನು ಇಂದು ತನ್ನ ಮನೆತನದ ಇತಿಹಾಸವನ್ನು ಹುಡುಕಹೊರಟರೆ ಎರಡನೆಯ ಮೆಟ್ಟಿಲಿನಲ್ಲಿಯೇ ನಿಲ್ಲಬೇಕಾಗುವದು.

ಹೆಣ್ಣುಮಕ್ಕಳ ಸಂಗತಿಯೂ ಇದೇ. ಹಳೆಯ ವಂಶವೃಕ್ಷಗಳಲ್ಲಿ ಮಗಳ ಹೆಸರು ಕಾಣದಿರುವದು ಮರೆವಿನಿಂದಲ್ಲ, ಅವಳಿಗೆ ಪಾಲಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯದೆ ಅವಳಿಗೆ ಸ್ವಲ್ಪ ಹಕ್ಕನ್ನೂ 2005ರ ತಿದ್ದುಪಡಿ ಹುಟ್ಟಿನಿಂದಲೇ ಸಮಪಾಲನ್ನೂ ಕೊಟ್ಟ ಮೇಲೆ ವಾರಸಾ ಕಾಗದಗಳಲ್ಲಿ ಅವಳ ಹೆಸರು ತಪ್ಪದೆ ಬರತೊಡಗಿತು. ಅದಕ್ಕೂ ಹಿಂದಿನವಳನ್ನು ಎಲ್ಲಿ ಹುಡುಕುವದು? ಮದುವೆಯಲ್ಲಿ ಹೆಸರನ್ನೇ ಬದಲಿಸುವ ರೂಢಿಯಿದ್ದ ಮನೆಗಳಲ್ಲಿ ತವರಿನ ಹೆಸರು ಒಂದೇ ದಿನದಲ್ಲಿ ಅಳಿಸಿಹೋಯಿತು. ಗಂಡನ ಹೆಸರನ್ನು ಒಡಪಿನಲ್ಲಿ ಹುದುಗಿಸಿ ಜಾಣತನದಿಂದ ಹೇಳಿದ ಹೆಂಗಸಿನ ಸ್ವಂತ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೂ ಹುಡುಕುವ ಕಣ್ಣಿಗೆ ಕೆಲವು ಗುರುತುಗಳು ಸಿಗುವವು. ಅಡಿಗೆಯ ಮನೆಯ ನಿಲುವಿನ ಮೇಲಿರುವ ಹಿತ್ತಾಳೆಯ ಕೊಡ, ತಾಮ್ರದ ಹಂಡೆಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದರೆ, ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು ಕಾಣಬಹುದು: ಯಾರು, ಯಾರ ಮದುವೆಗೆ, ಯಾವ ವರ್ಷ ಉಡುಗೊರೆ ಕೊಟ್ಟರೆಂದು. ಸರಕಾರದ ಯಾವ ದಫ್ತರದಲ್ಲಿಯೂ ಇಲ್ಲದ ಮುತ್ತಜ್ಜಿಯ ಹೆಸರು ಒಂದು ಕೊಡದ ಮೇಲೆ ಉಳಿದಿರುವದುಂಟು. ಹೀಗೆ ಒಂದು ಹೆಸರನ್ನು ಮರಳಿ ಪಡೆದಾಗ ಆಗುವ ಆನಂದವು ಈ ಶ್ರಮದ ಮೊದಲನೆಯ ಫಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿದ್ಯಾರ್ಥಿಗಳಿಗೆ ಇದು ಕಷ್ಟವಾಗದು. ಪ್ರತಿಯೊಬ್ಬನಿಗೆ ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು, ಹದಿನಾರು. ಹತ್ತನೆಯ ಮೆಟ್ಟಿಲಿಗೆ ಹೋದರೆ 1024 ಸ್ಥಾನಗಳು. ಒಂದು ತಲೆಮಾರಿಗೆ 25ರಿಂದ 30 ವರ್ಷವೆಂದು ಹಿಡಿದರೆ ಇದು 250, 300 ವರ್ಷಗಳ ಮಾತು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ರೂಢಿಯಿಂದ ಈ ಎಣಿಕೆ ಸ್ವಲ್ಪ ಇಳಿಯುವದು ನಿಜ. ಅಕ್ಕನ ಮಗಳನ್ನು ಮದುವೆಯಾದವನ ಮಕ್ಕಳಿಗೆ ತಂದೆಯ ತಾಯಿತಂದೆಗಳೇ ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯರ ಸ್ಥಾನದಲ್ಲಿಯೂ ಬರುವರು. ಆದರೂ ನೂರಾರು ಜನ ಉಳಿದೇ ಉಳಿಯುವರು. "ನಮ್ಮ ಹತ್ತನೆಯ ಹಿರಿಯನು ಕೋಟೆಯ ಕಿಲ್ಲೇದಾರನಾಗಿದ್ದನು" ಎಂದು ಹೆಮ್ಮೆಪಡುವವನು ತನ್ನ 1024 ಸ್ಥಾನಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿದ್ದಾನೆ. ಅದೇ ಮೆಟ್ಟಿಲಿನಲ್ಲಿ ಕುರಿ ಕಾಯ್ದವರು, ಸಾಲದಲ್ಲಿ ಸತ್ತವರು, ಭಿಕ್ಷೆ ಬೇಡಿದವರು ನಿಂತಿರಬಹುದು. ಅವರ ರಕ್ತವೂ ಅಷ್ಟೇ ಪಾಲು ಅವನಲ್ಲಿದೆ. ಒಬ್ಬನನ್ನು ಆರಿಸಿ ಉಳಿದವರನ್ನು ಬಿಡುವದು ಇತಿಹಾಸವಲ್ಲ, ಅಲಂಕಾರ.

ಹೆಮ್ಮೆಯು ಹುಟ್ಟಿನಿಂದ ಬರಬಹುದೆಂದು ಒಪ್ಪಿದರೆ ಕಳಂಕವೂ ಹುಟ್ಟಿನಿಂದ ಬರುವದೆಂದು ಒಪ್ಪಬೇಕಾಗುವದು. ಇದರ ಭಯಂಕರವಾದ ಉದಾಹರಣೆ ನಮ್ಮ ಸೊಲ್ಲಾಪುರದಲ್ಲಿಯೇ ಇತ್ತು. 1871ರಲ್ಲಿ ಹುಟ್ಟಿ, 1911 ಹಾಗೂ 1924ರಲ್ಲಿ ಹೊಸ ರೂಪ ತಳೆದ "ಗುನ್ಹೆಗಾರ ಜಮಾತಿ" ಕಾಯದೆಯ ಮೇರೆಗೆ ಇಡೀ ಜಾತಿಗಳನ್ನೇ ಕಳ್ಳರೆಂದು ಸಾರಿ, ಅವರ ಕುಟುಂಬಗಳನ್ನು ಬೇಲಿಯೊಳಗಿನ ವಸಾಹತುಗಳಲ್ಲಿ ಇರಿಸಿ, ಹಾಜರಿ ಹಿಡಿಯುತ್ತಿದ್ದರು. ಅಂಥ ದೊಡ್ಡ ವಸಾಹತು ಸೊಲ್ಲಾಪುರದಲ್ಲಿತ್ತು. ಆ ಭಾಗವನ್ನು ಜನರು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುವರು. ತೊಟ್ಟಿಲಿನ ಕೂಸಿಗೂ ಹಿರಿಯರ ಹೆಸರಿನ ಹೊರೆ ಬಿತ್ತು. 1952ರ ಆಗಸ್ಟ್ 31ರಂದು ಆ ಕಾಯದೆ ದೇಶದಿಂದ ತೊಲಗಿತು. ಅಲ್ಲಿ ಬೆಳೆದವರ ಮೊಮ್ಮಕ್ಕಳಿಗೆ ಅಜ್ಜನ ಹೆಸರು ಸಿಗುವದು ಪೋಲೀಸರ ನೋಂದಣಿಯಲ್ಲಿರಬಹುದು. ಆ ಮೊಮ್ಮಗನು ಅದನ್ನು ಓದಿ ನಾಚಬೇಕೆಂದು ನಮ್ಮಲ್ಲಿ ಯಾರೂ ಹೇಳಲಾರರು. ನಾಚಬೇಕಾದುದು ಹಾಗೆ ಬರೆದವರ ಕಡೆಯವರು. ಹಾಗಾದರೆ ಅದೇ ತೂಕದ ಕಲ್ಲಿನಿಂದ ಕಿಲ್ಲೇದಾರನ ಮೊಮ್ಮಗನ ಹೆಮ್ಮೆಯನ್ನೂ ತೂಗಬೇಕು. ಹುಟ್ಟಿನ ಕಳಂಕವನ್ನು ಸುಳ್ಳೆಂದವರು ಹುಟ್ಟಿನ ಕೀರ್ತಿಯನ್ನು ನಿಜವೆನ್ನಲು ಬರುವದಿಲ್ಲ.

ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಅರಿಯದವರಲ್ಲ. ಛಾಂದೋಗ್ಯೋಪನಿಷತ್ತಿನ ಸತ್ಯಕಾಮನು ವಿದ್ಯೆಗಾಗಿ ಗುರುವಿನ ಬಳಿಗೆ ಹೊರಟಾಗ ತಾಯಿಯನ್ನು ತನ್ನ ಗೋತ್ರ ಯಾವುದೆಂದು ಕೇಳಿದನು. ಜಬಾಲೆ ತನಗೆ ತಿಳಿಯದೆಂದಳು. ಹಲವರ ಪರಿಚರ್ಯೆ ಮಾಡುತ್ತ ಓಡಾಡಿದ ಯೌವನದಲ್ಲಿ ಅವನನ್ನು ಪಡೆದಳೆಂದೂ, ಅವನು ತನ್ನ ಹೆಸರಿನಿಂದಲೇ ಸತ್ಯಕಾಮ ಜಾಬಾಲನೆಂದು ಹೇಳಿಕೊಳ್ಳಲೆಂದೂ ತಿಳಿಸಿದಳು. ಹುಡುಗನು ಹಾರಿದ್ರುಮತ ಗೌತಮನ ಮುಂದೆ ನಿಂತು ಅದನ್ನೇ ನುಡಿದನು. ಗುರು ಅವನನ್ನು ಒಪ್ಪಿಕೊಂಡನು, ಅವನು ಸತ್ಯದಿಂದ ಸರಿಯಲಿಲ್ಲವೆಂದು. ಆ ಗುರು ಸತ್ಯದಿಂದ ಕುಲವನ್ನು ಅಳೆದನೇ ಹೊರತು ಕುಲದಿಂದ ಸತ್ಯವನ್ನು ಅಳೆಯಲಿಲ್ಲ. ಮನೆತನದ ಇತಿಹಾಸವನ್ನು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇಲ್ಲ. ಎಳೆ ಕಡಿದ ಸ್ಥಳದಲ್ಲಿ ಒಬ್ಬ ಋಷಿಯನ್ನೋ ಒಬ್ಬ ಸರದಾರನನ್ನೋ ತಂದು ಕೂಡಿಸುವದು ಸುಲಭ. "ಇಲ್ಲಿಂದ ಹಿಂದಿನದು ತಿಳಿಯದು" ಎಂದು ಬರೆಯುವದು ಕಠಿಣ.

ಕರ್ಣನ ಕಥೆ ಇದರ ಇನ್ನೊಂದು ಮುಖ. ಸತ್ಯಕಾಮನಿಗೆ ಹುಟ್ಟು ತಿಳಿಯಲಿಲ್ಲ. ಕರ್ಣನಿಗೆ ಬಹಳ ತಡವಾಗಿ ತಿಳಿಯಿತು. ಪಂಪನೂ ಕುಮಾರವ್ಯಾಸನೂ ಆ ಸಂದರ್ಭವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ. ಕೃಷ್ಣನು ಅವನಿಗೆ ಕೊಟ್ಟುದು ಒಂದು ವಂಶಾವಳಿಯನ್ನೇ: ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ, ರಾಜ್ಯ ನಿನ್ನದು. ಕರ್ಣನು ಅದನ್ನು ಸುಳ್ಳೆನ್ನಲಿಲ್ಲ. ಆದರೂ ಪಕ್ಷ ಬಿಡಲಿಲ್ಲ. ಹೆತ್ತವಳು ಕುಂತಿಯಾದರೂ ಸಾಕಿದವಳು ರಾಧೆ. ಲೋಕವೆಲ್ಲ ಕುಲವನ್ನು ಕೇಳಿ ಹೀಯಾಳಿಸಿದ ದಿನ ಕೈಹಿಡಿದವನು ದುರ್ಯೋಧನ. ಆ ಒಡೆಯನ ಪಕ್ಷ ನ್ಯಾಯದ್ದಲ್ಲವೆಂಬುದು ಬೇರೆ ಮಾತು. ಇಲ್ಲಿ ನಾವು ಗಮನಿಸಬೇಕಾದುದು ಇಷ್ಟು: ಹುಟ್ಟು ತಿಳಿದಾಗ ಕರ್ಣನು ತನಗೆ ಏನು ಸಲ್ಲಬೇಕೆಂದು ಕೇಳಲಿಲ್ಲ, ತಾನು ಯಾರಿಗೆ ಏನು ಸಲ್ಲಿಸಬೇಕೆಂದು ಕೇಳಿಕೊಂಡನು.

ಇಲ್ಲಿಗೆ ನಮ್ಮ ಪ್ರಶ್ನೆಗೆ ದಾರಿ ಸಿಕ್ಕಿತು. ಕೀರ್ತಿ ಮಾಡಿದವನದು, ಪಾಪವೂ ಮಾಡಿದವನದು. ಅವೆರಡೂ ಆಸ್ತಿಯಂತೆ ಮಕ್ಕಳಿಗೆ ಇಳಿಯುವದಿಲ್ಲ. ಇಳಿದು ಬರುವದು ಅದರ ಲಾಭ. ಹೊಲ, ಮನೆ, ಓದು, ಊರಿನಲ್ಲಿಯ ಮರ್ಯಾದೆ ಇವೆಲ್ಲ ನಾವು ಗಳಿಸದೆ ಬಂದವು. ಲಾಭವನ್ನು ಪಡೆದವನ ಮೇಲೆ ಋಣವಿರುವದು. ದೇವಋಣ, ಋಷಿಋಣಗಳ ಜೊತೆಗೆ ಪಿತೃಋಣವನ್ನು ಹೇಳಿದ ಹಿರಿಯರ ಅಭಿಪ್ರಾಯವೂ ಇದೇ ಇದ್ದೀತು. ಆದರೆ ಪಿತೃಗಳಿಗೆ ನಾವು ತೀರಿಸಬೇಕಾದ ಋಣದೊಳಗೆ ಪಿತೃಗಳು ತೀರಿಸದೆ ಬಿಟ್ಟ ಋಣವೂ ಸೇರಿದೆಯೆ?

ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ಒಬ್ಬ ಮಾಸ್ತರರು ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ 1877ರ ಒಂದು ಖರೀದಿಪತ್ರವನ್ನು ಕಾಣುವರು. ನೆರೆಯ ಒಕ್ಕಲಿಗನೊಬ್ಬನು ನಾಲ್ಕು ಚೀಲ ಜೋಳಕ್ಕೆ ತನ್ನ ಹನ್ನೆರಡು ಎಕರೆ ಎರೆಹೊಲವನ್ನು ಇವರ ಹಿರಿಯರಿಗೆ ಬರೆದುಕೊಟ್ಟಿದ್ದಾನೆ. ಅಕ್ಷರ ಬಾರದ್ದರಿಂದ ಸಹಿಯ ಬದಲು ನೇಗಿಲಿನ ಗುರುತು ಮಾಡಿದ್ದಾನೆ. ಆ ಹೊಲದ ಬೆಳೆಯಿಂದ ಮಾಸ್ತರರ ಅಜ್ಜ ಶಾಲೆಗೆ ಹೋದರು, ತಂದೆ ಕಾಲೇಜು ಕಂಡರು. ಮಾರಿದವನ ಮನೆತನ ಗುಳೆ ಹೋಗಿ ಎಲ್ಲಿ ನೆಲೆಸಿತೋ ಊರವರಿಗೂ ನೆನಪಿಲ್ಲ. ಮಾಸ್ತರರು ಈಗ ಏನು ಮಾಡಬೇಕು?

ಕಾಗದವನ್ನು ಸುಟ್ಟುಹಾಕುವದು ಒಂದು ದಾರಿ. ಸತ್ತವರ ಗುಣವನ್ನಷ್ಟೇ ನೆನೆಯಬೇಕೆಂದು ಹೇಳುವವರು ಇದನ್ನು ಬಯಸುವರು. ಅಜ್ಜನನ್ನು ಕ್ರೂರಿಯೆಂದು ಜರೆದು ತಾನು ಶುದ್ಧನಾದೆನೆಂದು ತಿಳಿಯುವದು ಎರಡನೆಯ ದಾರಿ. ಇದು ಮೊದಲಿನದಕ್ಕಿಂತ ಹೆಚ್ಚು ಸುಲಭ, ಏಕೆಂದರೆ ಸತ್ತವನು ಎದುರು ಮಾತಾಡುವದಿಲ್ಲ. ಎರಡೂ ಸರಿಯಲ್ಲ. ಆ ಪತ್ರವೊಂದರಿಂದ ಎಲ್ಲವೂ ತಿಳಿಯುವದಿಲ್ಲ. ಆ ನಾಲ್ಕು ಚೀಲ ಜೋಳ ನೆರೆಯವನ ಮಕ್ಕಳ ಪ್ರಾಣವನ್ನು ಉಳಿಸಿರಬಹುದು. ಆ ವರ್ಷ ಬೇರೆ ಯಾರೂ ಹಿಡಿ ಜೋಳವನ್ನೂ ಕೊಡದಿದ್ದಾಗ ಅಜ್ಜ ಕೊಟ್ಟಿರಬಹುದು. ಅಥವಾ ಹಸಿವನ್ನು ಕಂಡು ಹೊಲವನ್ನು ಕಸಿದಿರಬಹುದು.

ಈ ಸೀಮೆಯ ಒಂದು ಹಳೆಯ ಕಾಯದೆ ಇಲ್ಲಿ ನೆನಪಿಗೆ ಬರುವದು. 1875ರಲ್ಲಿ ಪುಣೆ, ಅಹಮದನಗರ ಭಾಗದ ರೈತರು ಸಾವಕಾರರ ವಿರುದ್ಧ ಎದ್ದು ಸಾಲದ ಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖನಿನ ಒಕ್ಕಲಿಗರ ಪರಿಹಾರದ ಕಾಯದೆ ಬಂದಿತು. ಪುಣೆ, ಸಾತಾರ, ಅಹಮದನಗರಗಳ ಜೊತೆಗೆ ಸೊಲ್ಲಾಪುರಕ್ಕೂ ಅದು ಅನ್ವಯಿಸಿತು. ಅದರ ಒಂದು ವಿಶೇಷವೆಂದರೆ, ಪತ್ರದಲ್ಲಿ ಬರೆದ ಮೊತ್ತವನ್ನು ಕಣ್ಣು ಮುಚ್ಚಿ ಒಪ್ಪದೆ, ಸಾಲವು ಮೊದಲು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬ ಇತಿಹಾಸವನ್ನು ನ್ಯಾಯಾಧೀಶನು ವಿಚಾರಿಸಬೇಕೆಂದು ಅದು ವಿಧಿಸಿತು. ಮನೆತನದ ಇತಿಹಾಸಕಾರನ ಕೆಲಸವೂ ಇದೇ. ಪತ್ರವನ್ನು ಸುಡಬಾರದು, ಪತ್ರವೇ ಸರ್ವಸ್ವವೆಂದೂ ನಂಬಬಾರದು. ಅದರ ಬೆನ್ನ ಹಿಂದೆ ಹೋಗಬೇಕು. ಆ ವರ್ಷ ಜೋಳದ ಧಾರಣೆ ಎಷ್ಟಿತ್ತು? ಅದೇ ಮನೆಯವರು ಅದೇ ವರ್ಷ ಬೇರೆಯವರ ಹೊಲಗಳನ್ನೂ ಹೀಗೆಯೇ ಬರೆಸಿಕೊಂಡರೆ? ಮಳೆ ಬಂದ ಮೇಲೆ ಹೊಲ ಮರಳಿಸಿದ ಉದಾಹರಣೆಗಳು ಇವೆಯೆ? ಕೇಳಿ ತಿಳಿದಷ್ಟನ್ನು ಬರೆಯಬೇಕು. ತಿಳಿಯದ್ದನ್ನು ತಿಳಿಯದೆಂದು ಬರೆಯಬೇಕು.

ತಂದೆಯ ಸಾಲವನ್ನು ಮಗ ತೀರಿಸಬೇಕೆಂದು ಧರ್ಮಶಾಸ್ತ್ರ ವಿಧಿಸಿತ್ತು. ಮೊಮ್ಮಗ, ಮರಿಮಗನ ವರೆಗೂ ಆ ಹೊಣೆಯನ್ನು ನ್ಯಾಯಾಲಯಗಳು ಮನ್ನಿಸುತ್ತಿದ್ದವು. 2005ರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಆ ಹೊಣೆ ಇಲ್ಲ. ಕಾಯದೆಯ ದೃಷ್ಟಿಯಿಂದ ಇದು ಯೋಗ್ಯವಾದುದೇ. ಮಾಸ್ತರರಿಂದ ಯಾವ ನ್ಯಾಯಾಲಯವೂ ಹನ್ನೆರಡು ಎಕರೆಯನ್ನು ಕೇಳಲಾರದು. ಆದರೆ ಅವರು ತಮ್ಮನ್ನೇ ಕೇಳಿಕೊಳ್ಳಬಹುದು. ತೀರಿಸಬೇಕಾದ ಮನೆ ಸಿಕ್ಕದಿದ್ದರೆ ತೀರಿಸುವ ರೀತಿಯೂ ಇಲ್ಲವೆಂದಲ್ಲ. ಇಂದಿಗೂ ಜತ್ತದಂಥ ಬರಗಾಲದ ತಾಲೂಕುಗಳಿಂದ ಒಕ್ಕಲುಗಳು ಕಬ್ಬು ಕಡಿಯಲು ದೂರದ ಕಾರಖಾನೆಗಳ ಸೀಮೆಗೆ ಹೋಗುವವು; ಅವರ ಮಕ್ಕಳು ಅರ್ಧ ವರ್ಷ ಶಾಲೆ ಬಿಡುವರು. ತನ್ನ ಓದು ಒಬ್ಬ ಗುಳೆ ಹೋದವನ ಹೊಲದಿಂದ ಬಂದಿತೆಂದು ತಿಳಿದ ಮಾಸ್ತರರಿಗೆ ತರಗತಿಯಲ್ಲಿ ಖಾಲಿಯಾದ ಆ ಹಲಗೆಯ ಸ್ಥಳ ಬೇರೆಯಾಗಿ ಕಾಣಬೇಕು. ಆ ಹುಡುಗ ಮರಳಿ ಬಂದಾಗ ತಪ್ಪಿದ ಪಾಠವನ್ನು ಸಂಜೆ ಕೂಡಿಸಿ ಹೇಳಿಕೊಡುವದು ದಯೆಯಲ್ಲ, ಸಾಲದ ಕಂತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಸತ್ಯದ ಹೆಸರಿನಲ್ಲಿ ಬದುಕಿರುವವರನ್ನು ನೋಯಿಸುವ ಹಕ್ಕು ಯಾರಿಗೂ ಇಲ್ಲ. ದತ್ತಕದ ಗುಟ್ಟು, ಮುರಿದ ಮದುವೆ, ಒಬ್ಬ ವಿಧವೆಯ ಕಷ್ಟಕಾಲದ ಸಂಗತಿ, ಮನೆಯೊಳಗಿನ ರೋಗ ಇವು ಹುಡುಕುವವನ ಕಣ್ಣಿಗೆ ಬಿದ್ದಾವು. ನಮ್ಮ ಮನೆಯು ಇತರರಿಗೆ ಮಾಡಿದ ಅನ್ಯಾಯವನ್ನು ಮುಚ್ಚಿಡುವದು ಸಲ್ಲದು. ನಮ್ಮ ಮನೆಯ ದುರ್ಬಲರು ಅನುಭವಿಸಿದ ಸಂಕಟವನ್ನು ಬಯಲಿಗೆ ಎಳೆಯುವದೂ ಸಲ್ಲದು. ಬಲವುಳ್ಳವರ ತಪ್ಪನ್ನು ಬರೆಯುವಾಗ ಧೈರ್ಯ ಬೇಕು, ಬಲಹೀನರ ನೋವನ್ನು ಕಂಡಾಗ ಮೌನ ಬೇಕು. ಆ ಮೌನವನ್ನು ಎಷ್ಟು ಕಾಲ ಇರಿಸಬೇಕೆಂಬುದನ್ನು ಅದಕ್ಕೆ ಸಂಬಂಧಪಟ್ಟವರೇ ಹೇಳಬೇಕು.

ಈ ಪತ್ರಿಕೆಯ ವಾಚಕರಲ್ಲಿ ಶಿಕ್ಷಕರು ಬಹಳವಿರುವದರಿಂದ ಇನ್ನೊಂದು ಮಾತು. ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳೂ ನಾಳೆಯ ಇತಿಹಾಸಕಾರನ ಆಧಾರಗಳು. ಹಳೆಯ ಪುಸ್ತಕಗಳಲ್ಲಿ ಸಾಲುಸಾಲಾಗಿ ಹುಡುಗರೆಲ್ಲ ಜೂನ್ 1ರಂದೇ ಹುಟ್ಟಿದಂತೆ ಬರೆದಿರುವದನ್ನು ಯಾರು ಕಂಡಿಲ್ಲ? ತಂದೆತಾಯಿಗಳಿಗೆ ದಿನಾಂಕ ಗೊತ್ತಿರಲಿಲ್ಲ. ಲೇಖನಿ ಹಿಡಿದವರಿಗೆ ಕೇಳುವ ವ್ಯವಧಾನವಿರಲಿಲ್ಲ. "ಶೀಗಿ ಹುಣ್ಣಿಮೆಯ ಹಿಂದೆಮುಂದೆ ಹುಟ್ಟಿದ್ದು" ಎಂದು ತಾಯಿ ಹೇಳಿದ ಮಾತು ಆ ಅಂಕಣದಲ್ಲಿ ಹಿಡಿಸಲಿಲ್ಲ. ಹುಡುಗಿಯ ಹೆಸರನ್ನು ಮನೆಯಲ್ಲಿ ಕರೆಯುವಂತೆ ಬರೆಯದೆ ನಮಗೆ ತೋಚಿದಂತೆ ತಿದ್ದುವದೂ ಉಂಟು. ಹೆಸರು ಬರೆಯುವ ಕೈ ಮುಂದಿನವರಿಗೆ ಸಾಕ್ಷಿ ನುಡಿಯುವ ಕೈ. ಹುಡುಗಿ ಹೊನ್ನವ್ವನೆಂದು ಹೇಳಿದರೆ ಹೊನ್ನವ್ವನೆಂದೇ ಬರೆಯಬೇಕು.

ವಿದ್ಯಾರ್ಥಿಮಿತ್ರರು ಈ ಕೆಲಸವನ್ನು ಇಂದೇ ಆರಂಭಿಸಬಹುದು. ಕಚೇರಿಗೆ ಹೋಗುವದು ಆಮೇಲೆ. ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯ ಬಳಿ ಕುಳಿತು ಅವಳ ತವರೂರು, ಅವಳ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಕೇಳಿ ಬರೆದುಕೊಳ್ಳಿರಿ. ಕಾಗದ ಎಂದಾದರೂ ಸಿಕ್ಕೀತು, ಅಜ್ಜಿಯ ನೆನಪು ಕಾಯುವದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನೊಡನೆ, ಮಾತನ್ನು ಕಾಗದದೊಡನೆ ಒರೆಹಚ್ಚಿರಿ. ಹೊಲವಿದ್ದ ಮನೆಯವರು ಉತಾರ, ಫೇರಫಾರಗಳನ್ನು ನೋಡಿರಿ. ಜೊತೆಗೆ ಆ ಹೊಲದಲ್ಲಿ ದುಡಿದವರು ಯಾರೆಂದೂ ಕೇಳಿರಿ. ಹೊಲವಿಲ್ಲದ ಮನೆಯ ವಿದ್ಯಾರ್ಥಿಗಳು ತಮ್ಮ ಬಳಿ ಕಾಗದವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಕಾಗದವಿಲ್ಲದಿರುವದು ಅವರ ಮನೆತನದ ಕೊರತೆಯಲ್ಲ, ಕಾಗದ ಬರೆದವರ ಕೊರತೆ. ಅವರು ಇಂದು ಬರೆದಿಟ್ಟ ನಾಲ್ಕು ಹೆಸರುಗಳು ಆ ಮನೆತನದ ಮೊದಲನೆಯ ದಫ್ತರವಾಗುವವು.

ಬರೆದ ಮರದಲ್ಲಿ ಖಾಲಿ ಸ್ಥಳಗಳು ಬಹಳ ಉಳಿಯುವವು. ಅವುಗಳನ್ನು ಖಾಲಿಯಾಗಿಯೇ ಬಿಡಿರಿ. ಆ ಸ್ಥಳಗಳಲ್ಲಿಯೂ ಒಬ್ಬೊಬ್ಬರು ಇದ್ದರು, ಉತ್ತರು, ಬೀಸಿದರು, ಮಕ್ಕಳನ್ನು ಸಾಕಿದರು. ಅವರು ಹಾಗೆ ಮಾಡದಿದ್ದರೆ ಹುಡುಕುವ ನಾವು ಇರುತ್ತಿರಲಿಲ್ಲ. ಹೆಸರು ತಿಳಿದವರಿಗೆ ಸಲ್ಲಿಸುವ ನಮಸ್ಕಾರದಲ್ಲಿ ಅವರಿಗೂ ಪಾಲಿದೆ.